ಸಮುದ್ರ ದಾಟುವ ಮಾತು ದಾರಿಯಲ್ಲೇ ಸಾಯದೆ ತಲುಪೋದು ಹೇಗೆ? ತಂತಿಯೋ, ಉಪಗ್ರಹವೋ?

ಅರೆಬರೆ_ಜ್ಞಾನಿ ಕೇಳಿದ್ದು:

ತುಂಬಾ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ, ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಬೇರೆ ಖಂಡದಲ್ಲಿರುವವರ ಜೊತೆ ವಿಡಿಯೋ ಕಾಲ್ ಮಾಡಿದಾಗ ಆ ಮಾತು ನಿಜವಾಗಿ ಯಾವ ದಾರಿಯಲ್ಲಿ ಹೋಗುತ್ತದೆ? ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಉಪಗ್ರಹ. ಇಲ್ಲ, ಸಮುದ್ರದ ತಳದಲ್ಲಿ ಕೇಬಲ್ ಇದೆ ಅನ್ನುವವರೂ ಇದ್ದಾರೆ. ಕೇಬಲ್ ಅಂದರೆ ನನಗೆ ಇನ್ನೂ ಗೊಂದಲ. ಒಳಗಿರುವುದು ಗಾಜಿನ ಎಳೆ, ಅದರಲ್ಲಿ ಹೋಗುವುದು ಬೆಳಕು, ಅಲ್ಲಿಯವರೆಗೆ ಸರಿ. ಆದರೆ ಕಿಟಕಿ ಗಾಜನ್ನು ಅಂಚಿನ ಕಡೆಯಿಂದ ನೋಡಿ, ಕಡುಹಸಿರು ಕಾಣುತ್ತದೆ, ಆಚೆ ಬದಿ ಕಾಣುವುದೇ ಇಲ್ಲ. ಒಂದೆರಡು ಅಡಿ ಗಾಜಿನಲ್ಲೇ ಬೆಳಕಿನ ಗತಿ ಹೀಗಾದರೆ ಆರು ಸಾವಿರ ಕಿಲೋಮೀಟರ್ ಗಾಜಿನ ಆಚೆ ತುದಿಯಲ್ಲಿ ಏನು ಉಳಿದೀತು?

ಇನ್ನೊಂದು. ಕೆಲವೊಮ್ಮೆ ಅಷ್ಟು ದೂರ ಮಾತಾಡಿದರೂ ಪಕ್ಕದ ಕೋಣೆಯವರ ಜೊತೆ ಮಾತಾಡಿದ ಹಾಗಿರುತ್ತದೆ, ಕೆಲವೊಮ್ಮೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ ಒಟ್ಟಿಗೆ ನಿಲ್ಲಿಸಿ, ಹೇಳಿ ಹೇಳಿ, ಇಲ್ಲ ನೀವು ಹೇಳಿ ಅಂತ ಒದ್ದಾಡಬೇಕು. ಇದು ಯಾಕೆ? ಸುಮ್ನೆ "ಎಲ್ಲಾ ಇಂಟರ್ನೆಟ್ ಕಣ್ರೀ" ಅನ್ನುವ ಉತ್ತರ ಬೇಡ, ಅದು ನನಗೂ ಗೊತ್ತು.

---

ಗಾಜಿನೆಳೆ:

ಕೇಬಲ್ ಅಂದವರು ಸರಿ. ಖಂಡದಿಂದ ಖಂಡಕ್ಕೆ ಹೋಗುವ ಮಾಹಿತಿಯಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಸಮುದ್ರದಡಿಯ ಕೇಬಲ್‌ಗಳಲ್ಲೇ ಹೋಗುತ್ತದೆ. ಉಪಗ್ರಹದ ಪಾಲು ಚಿಕ್ಕದು.

ನಿಮ್ಮ ಗಾಜಿನ ಪ್ರಶ್ನೆ ಚೆನ್ನಾಗಿದೆ. 1960ರ ದಶಕದಲ್ಲಿ ಎಂಜಿನಿಯರ್‌ಗಳು ಇದೇ ಮಾತು ಹೇಳಿ ಫೈಬರ್, ಅಂದರೆ ಆ ಗಾಜಿನ ಎಳೆ, ಬೇಡ ಅನ್ನುತ್ತಿದ್ದರು. ಆಗಿನ ಒಳ್ಳೆಯ ಗಾಜಿನಲ್ಲೂ ಒಂದು ಕಿಲೋಮೀಟರ್‌ಗೆ ಸುಮಾರು 1000 ಡೆಸಿಬೆಲ್ ನಷ್ಟವಾಗುತ್ತಿತ್ತು. ಪ್ರತಿ 10 ಡೆಸಿಬೆಲ್ ನಷ್ಟಕ್ಕೆ ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಹಾಗಾಗಿ 1000 ಅಂದರೆ ಕತ್ತಲೆ ಅಂತಲೇ ಅರ್ಥ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್ ಒಂದು ಪ್ರಬಂಧ ಬರೆದರು. ಅದರ ಸಾರ ಇಷ್ಟೇ: ತಪ್ಪು ಗಾಜಿನದ್ದಲ್ಲ, ಗಾಜಿನೊಳಗಿನ ಕೊಳೆಯದ್ದು. ಕಬ್ಬಿಣದಂಥ ಲೋಹಗಳ ಚೂರುಪಾರು ಬೆರಕೆಯೇ ಬೆಳಕನ್ನು ನುಂಗುತ್ತದೆ. ನಿಮ್ಮ ಕಿಟಕಿ ಗಾಜಿನ ಅಂಚು ಹಸಿರಾಗಿ ಕಾಣುವುದೂ ಅದೇ ಕಬ್ಬಿಣದಿಂದ. ಬೆರಕೆ ತೆಗೆದು ಕಿಲೋಮೀಟರ್‌ಗೆ 20 ಡೆಸಿಬೆಲ್‌ಗೆ ಇಳಿಸಿದರೆ ಸಾಕು, ಫೈಬರ್ ಕೆಲಸಕ್ಕೆ ಬರುತ್ತದೆ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಆ ಗೆರೆ ದಾಟಿದರು. ಕಾವೊ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ, ಅಷ್ಟು ಹೊತ್ತಿಗೆ ಜಗತ್ತಿನ ಸಮುದ್ರಗಳ ತಳವೆಲ್ಲಾ ಫೈಬರ್ ಆಗಿತ್ತು.

ಈಗಿನ ಫೈಬರ್‌ನಲ್ಲಿ ನಷ್ಟ ಕಿಲೋಮೀಟರ್‌ಗೆ ಸುಮಾರು 0.2 ಡೆಸಿಬೆಲ್. ಅದೂ ಎಲ್ಲಾ ಬಣ್ಣದ ಬೆಳಕಿಗಲ್ಲ, ಕಣ್ಣಿಗೆ ಕಾಣದ 1550 ನ್ಯಾನೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್ ಬೆಳಕಿಗೆ. 15 ಕಿಲೋಮೀಟರ್ ಹೋದರೆ ಬೆಳಕು ಅರ್ಧ ಉಳಿಯುತ್ತದೆ, 100 ಕಿಲೋಮೀಟರ್ ಹೋದರೆ ನೂರಕ್ಕೆ ಒಂದು ಪಾಲು. ಇದು ಬಹಳ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಆದರೂ 6000 ಕಿಲೋಮೀಟರ್‌ಗೆ ಇದು ಏನೇನೂ ಸಾಲದು. ಲೆಕ್ಕ ಹಾಕಿ: 1200 ಡೆಸಿಬೆಲ್. ಒಂದರ ಮುಂದೆ 120 ಸೊನ್ನೆ ಬರೆದು ಅದರಿಂದ ಭಾಗಿಸಬೇಕು. ಈ ತುದಿಯಿಂದ ಎಷ್ಟೇ ದೊಡ್ಡ ಲೇಸರ್ ಹಾಕಿದರೂ ಆ ತುದಿಗೆ ಒಂದೇ ಒಂದು ಫೋಟಾನ್ (ಬೆಳಕಿನ ಕಣ) ಕೂಡ ತಲುಪುವುದಿಲ್ಲ.

ಅದಕ್ಕೇ ಕೇಬಲ್‌ನ ದಾರಿಯುದ್ದಕ್ಕೂ 60ರಿಂದ 100 ಕಿಲೋಮೀಟರ್‌ಗೆ ಒಂದರಂತೆ ರಿಪೀಟರ್, ಅಂದರೆ ಸೊರಗಿದ ಸಿಗ್ನಲ್‌ಗೆ ಮತ್ತೆ ಬಲ ತುಂಬುವ ಸಾಧನ, ಇಡುತ್ತಾರೆ. ಒಳಗೆ ಎರ್ಬಿಯಂ ಅನ್ನುವ ಧಾತು ಬೆರೆಸಿದ ಕೆಲವು ಮೀಟರ್ ಫೈಬರ್ ಇರುತ್ತದೆ. ಬೇರೊಂದು ಲೇಸರ್ ಆ ಎರ್ಬಿಯಂ ಅಯಾನುಗಳಿಗೆ (ವಿದ್ಯುದಂಶ ಹೊತ್ತ ಪರಮಾಣುಗಳಿಗೆ) ಶಕ್ತಿ ತುಂಬಿಸಿ ಇಟ್ಟಿರುತ್ತದೆ. ದಣಿದು ಬಂದ ಸಿಗ್ನಲ್‌ನ ಫೋಟಾನ್ ಪಕ್ಕದಲ್ಲಿ ಹಾದುಹೋದಾಗ ಅಯಾನು ತನ್ನ ಶಕ್ತಿಯನ್ನು ಬಿಟ್ಟು ಥೇಟ್ ಅಂಥದ್ದೇ ಇನ್ನೊಂದು ಫೋಟಾನ್ ಹೊರಹಾಕುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೊರಗೆ ಬರುವಷ್ಟರಲ್ಲಿ ದಾರಿಯಲ್ಲಿ ಕಳೆದದ್ದೆಲ್ಲಾ ಮತ್ತೆ ತುಂಬಿರುತ್ತದೆ. ಬೆಳಕು ಬೆಳಕಾಗಿಯೇ ದೊಡ್ಡದಾಗುತ್ತದೆ, ನಡುವೆ ವಿದ್ಯುತ್ತಿಗೆ ಬದಲಾಗುವ ತಾಪತ್ರಯ ಇಲ್ಲ. 1987ರ ಸುಮಾರಿಗೆ ಸೌತಾಂಪ್ಟನ್‌ನಲ್ಲಿ ಡೇವಿಡ್ ಪೇನ್ ಅವರ ತಂಡ ಮತ್ತು ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಎಮ್ಯಾನುಯೆಲ್ ಡೆಸುರ್ವಿರ್ ಅವರ ತಂಡ ಇದನ್ನು ಮಾಡಿ ತೋರಿಸಿದವು. ನನ್ನ ಪ್ರಕಾರ ಲೇಸರ್‌ಗಿಂತ, ಫೈಬರ್‌ಗಿಂತ ಇದೇ ದೊಡ್ಡ ತಿರುವು. ಯಾಕೆಂದರೆ ಒಂದೇ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕು, ಒಂದೊಂದರಲ್ಲೂ ಬೇರೆ ಬೇರೆ ಮಾಹಿತಿ ಕಳಿಸಿದರೂ ಈ ಒಂದೇ ಆಂಪ್ಲಿಫೈಯರ್ ಎಲ್ಲವನ್ನೂ ಒಟ್ಟಿಗೆ ಎತ್ತುತ್ತದೆ. 1988ರಲ್ಲಿ ಹಾಕಿದ ಮೊದಲ ಅಟ್ಲಾಂಟಿಕ್ ಫೈಬರ್ ಕೇಬಲ್ ಟ್ಯಾಟ್-8ರಲ್ಲಿ ಇದು ಇರಲಿಲ್ಲ. ಅದರ ಒಂದು ಜೋಡಿ ಎಳೆ ಸೆಕೆಂಡಿಗೆ 280 ಮೆಗಾಬಿಟ್ ಹೊರುತ್ತಿತ್ತು. 2017ರಲ್ಲಿ ವರ್ಜೀನಿಯಾ ಬೀಚ್‌ನಿಂದ ಸ್ಪೇನ್‌ನ ಬಿಲ್ಬಾವೊಗೆ 6600 ಕಿಲೋಮೀಟರ್ ಎಳೆದ ಮರಿಯಾ ಕೇಬಲ್‌ನ ಆರಂಭದ ಅಂದಾಜೇ ಸೆಕೆಂಡಿಗೆ 160 ಟೆರಾಬಿಟ್, ಅಂದರೆ ಲಕ್ಷಾಂತರ ಪಟ್ಟು ಜಾಸ್ತಿ.

---

ಅಡ್ಡಮಾತು:

ಸಮುದ್ರದ ತಳದಲ್ಲಿ ಆ ರಿಪೀಟರ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ ನೋಡಿ. ಬ್ಯಾಟರಿನಾ?

---

ಗಾಜಿನೆಳೆ:

ಬ್ಯಾಟರಿ ಅಲ್ಲ ಮಾರಾಯ್ರೇ, ದಡದಿಂದಲೇ. ಫೈಬರ್ ಸುತ್ತ ಒಂದು ತಾಮ್ರದ ಕೊಳವೆ ಇರುತ್ತದೆ. ದಡದ ಕೇಂದ್ರದಿಂದ ಅದಕ್ಕೆ ಸಾವಿರಾರು ವೋಲ್ಟ್, ಉದ್ದದ ಕೇಬಲ್ ಆದರೆ 10,000 ವೋಲ್ಟ್ ಆಸುಪಾಸು, ಡಿಸಿ ಕರೆಂಟ್ ಕೊಡುತ್ತಾರೆ. ಹರಿಯುವುದು ಸುಮಾರು ಒಂದು ಆಂಪಿಯರ್ ಅಷ್ಟೇ. ರಿಪೀಟರ್‌ಗಳೆಲ್ಲಾ ಸರಣಿಯಲ್ಲಿ ಕೂತಿರುತ್ತವೆ, ಒಂದೊಂದೂ ತನಗೆ ಬೇಕಾದಷ್ಟು ವೋಲ್ಟ್ ತೆಗೆದುಕೊಳ್ಳುತ್ತದೆ. ವಾಪಸ್ ಬರುವ ತಂತಿ ಬೇಡ, ಸಮುದ್ರದ ಉಪ್ಪುನೀರು ಮತ್ತು ಭೂಮಿಯೇ ಆ ಕೆಲಸ ಮಾಡುತ್ತವೆ. ಇಷ್ಟೆಲ್ಲಾ ಇದ್ದರೂ ಆಳ ಸಮುದ್ರದಲ್ಲಿ ಕೇಬಲ್ 20 ಮಿಲಿಮೀಟರ್‌ಗಿಂತ ದಪ್ಪ ಇರುವುದಿಲ್ಲ. ದಡದ ಹತ್ತಿರ ಮಾತ್ರ ಉಕ್ಕಿನ ತಂತಿ ಸುತ್ತಿ ದಪ್ಪ ಮಾಡಿರುತ್ತಾರೆ, ಯಾಕೆಂದರೆ ಲಂಗರು ಮತ್ತು ಮೀನುಬಲೆಯ ಕಾಟ ಇರುವುದು ಅಲ್ಲೇ.

---

ಅರೆಬರೆ_ಜ್ಞಾನಿ:

ಧನ್ಯವಾದ ಸರ್, ಹಸಿರು ಗಾಜಿನ ಕಾರಣ ಗೊತ್ತಾಗಿದ್ದೇ ಖುಷಿ. ಆದರೆ ಒಂದು ಅನುಮಾನ ಉಳಿಯಿತು. ಆಂಪ್ಲಿಫೈಯರ್ ಅಂದರೆ ಸಿಗ್ನಲ್ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ ಅಲ್ವಾ? ಒಂದಲ್ಲ, ದಾರಿಯಲ್ಲಿ ನೂರು ಆಂಪ್ಲಿಫೈಯರ್. ಕೊನೆಗೆ ಬರೀ ಗದ್ದಲವೇ ಬರಬೇಕಿತ್ತು.

---

ಸೊನ್ನೆಒಂದು:

ಇದಕ್ಕೆ ನಾನು ಉತ್ತರಿಸುತ್ತೇನೆ, ಇದು ನನ್ನ ಇಷ್ಟದ ವಿಷಯ.

ನಿಮ್ಮ ಅನುಮಾನ ಪೂರ್ತಿ ಸರಿ. ಎರ್ಬಿಯಂ ಆಂಪ್ಲಿಫೈಯರ್ ಬಂದ ಗದ್ದಲವನ್ನು ಎತ್ತುವುದಷ್ಟೇ ಅಲ್ಲ, ತನ್ನದೂ ಸ್ವಲ್ಪ ಸೇರಿಸುತ್ತದೆ. 1956ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಟೆಲಿಫೋನ್ ಕೇಬಲ್ ಟ್ಯಾಟ್-1ರಲ್ಲಿ ಇದು ದೊಡ್ಡ ತಲೆನೋವು. ಅದರ ರಿಪೀಟರ್‌ಗಳಲ್ಲಿ ವ್ಯಾಕ್ಯೂಮ್ ಟ್ಯೂಬ್‌ಗಳಿದ್ದವು, ಸಿಗ್ನಲ್ ಅನಲಾಗ್. ಅಂದರೆ ನಿಮ್ಮ ದನಿಯ ಏರಿಳಿತವೇ ವಿದ್ಯುತ್ತಿನ ಏರಿಳಿತವಾಗಿ ಹೋಗುತ್ತಿತ್ತು. ದಾರಿಯಲ್ಲಿ ಸೇರಿಕೊಂಡ ಸಣ್ಣ ಏರಿಳಿತ ದನಿಯದ್ದೋ ಗದ್ದಲದ್ದೋ ಅಂತ ಆ ತುದಿಯಲ್ಲಿ ಹೇಳಲು ದಾರಿಯೇ ಇಲ್ಲ. ಜೆರಾಕ್ಸ್‌ನ ಜೆರಾಕ್ಸ್ ತೆಗೆಯುತ್ತಾ ಹೋದ ಹಾಗೆ. ಫೋಟೋ ಆದರೆ ಮುಗಿಯಿತು, ಆದರೆ ಕಾಗದದಲ್ಲಿರುವುದು ಅಕ್ಷರ ಆಗಿದ್ದರೆ? ಎಷ್ಟೇ ಮಸುಕಾದರೂ ಇದು ಕ, ಇದು ಗ ಅಂತ ಗುರುತು ಸಿಕ್ಕುವವರೆಗೆ ಹೊಸ ಹಾಳೆಯಲ್ಲಿ ಸ್ವಚ್ಛವಾಗಿ ಬರೆದುಕೊಳ್ಳಬಹುದು. ಡಿಜಿಟಲ್‌ನ ಗುಟ್ಟು ಅದು. ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ, ಅಂದರೆ ಎಂಟು ಸೊನ್ನೆ-ಒಂದುಗಳಲ್ಲಿ, ಬರೆದು, ಸೆಕೆಂಡಿಗೆ 64,000 ಬಿಟ್ ಕಳಿಸುವುದು ಟೆಲಿಫೋನ್‌ನವರ ಹಳೇ ಪದ್ಧತಿ. ಹೀಗೆ ಮಾತನ್ನು ಅಂಕಿ ಮಾಡಿ ಕಳಿಸುವ ಯೋಚನೆ ಎಂಜಿನಿಯರ್ ಅಲೆಕ್ ರೀವ್ಸ್ ಅವರಿಗೆ ಹೊಳೆದದ್ದು 1937ರಲ್ಲಿ. ಅದನ್ನು ಮಾಡುವಂಥ ಅಗ್ಗದ ಸಾಧನ ಆಗ ಇರಲೇ ಇಲ್ಲ, ಟ್ರಾನ್ಸಿಸ್ಟರ್ ಬರಬೇಕಾಯಿತು.

ಟ್ಯಾಟ್-8ರ ಕಾಲದಲ್ಲಿ ಪ್ರತಿ ರಿಪೀಟರ್‌ನಲ್ಲೂ ಈ "ಹೊಸ ಹಾಳೆ" ಕೆಲಸ ನಡೆಯುತ್ತಿತ್ತು, ಬೆಳಕನ್ನು ವಿದ್ಯುತ್ ಮಾಡಿ, ಬಿಟ್ ಗುರುತಿಸಿ, ಮತ್ತೆ ಬೆಳಕು ಮಾಡಿ ಕಳಿಸುತ್ತಿದ್ದರು. ಈಗ ಹಾಗಿಲ್ಲ. ಗದ್ದಲ ಉದ್ದಕ್ಕೂ ಸೇರುತ್ತಾ ಹೋಗಲಿ ಅಂತ ಬಿಟ್ಟು, ಬಿಟ್ ಗುರುತಿಸುವ ಕೆಲಸವನ್ನು ಆಚೆ ದಡದಲ್ಲಿ ಒಂದೇ ಸಲ ಮಾಡುತ್ತಾರೆ. ಅಲ್ಲಿ ಕೆಲವು ಬಿಟ್ ತಪ್ಪಾಗಿ ಬಂದೇ ಬರುತ್ತವೆ. ನೂರರಲ್ಲಿ ಒಂದು ತಪ್ಪಾದರೂ ಚಿಂತೆ ಇಲ್ಲ! ಯಾಕೆಂದರೆ ಕಳಿಸುವಾಗಲೇ ಲೆಕ್ಕಾಚಾರದಿಂದ ಕೆಲವು ಹೆಚ್ಚುವರಿ ಬಿಟ್ ಸೇರಿಸಿರುತ್ತಾರೆ, ಅವುಗಳ ನೆರವಿನಿಂದ ತಪ್ಪು ಯಾವುದು ಅಂತ ಹುಡುಕಿ ತಿದ್ದಬಹುದು. 1948ರಲ್ಲಿ ಗಣಿತಜ್ಞ ಕ್ಲಾಡ್ ಶಾನನ್ ಹೇಳಿದ್ದು ಇದೇ. ಗದ್ದಲ ಇದೆ ಅಂದ ಮಾತ್ರಕ್ಕೆ ತಪ್ಪು ಆಗಲೇಬೇಕು ಅಂತಿಲ್ಲ, ಪ್ರತಿ ದಾರಿಗೂ ಒಂದು ವೇಗದ ಮಿತಿ ಇದೆ, ಆ ಮಿತಿಯೊಳಗೆ ಇದ್ದರೆ ಸರಿಯಾದ ಕೋಡ್ (ಹೆಚ್ಚುವರಿ ಬಿಟ್ ಸೇರಿಸುವ ಪದ್ಧತಿ) ಬಳಸಿ ತಪ್ಪನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು ಅಂತ ಗಣಿತದಲ್ಲಿ ಸಾಧಿಸಿ ತೋರಿಸಿದರು. ಆ ಕೋಡ್ ಯಾವುದು ಅಂತ ಮಾತ್ರ ಹೇಳಲಿಲ್ಲ! ಮಿತಿಯ ಹತ್ತಿರ ಹೋಗುವ ಕೋಡ್‌ಗಳು ಬಳಕೆಗೆ ಬರಲು ಇನ್ನೂ ನಾಲ್ಕೈದು ದಶಕ ಬೇಕಾಯಿತು.

---

ಗಾಜಿನೆಳೆ:

ಮೇಲಿನವರು ಹೇಳಿದ್ದಕ್ಕೆ ಒಂದು ಹಳೇ ಕಥೆ ಸೇರಿಸುತ್ತೇನೆ, ಯಾಕೆಂದರೆ ಸಿಗ್ನಲ್ ಹೋಗದಿದ್ದರೆ ಜೋರಾಗಿ ತಳ್ಳು ಅನ್ನುವ ಬುದ್ಧಿ ಎಲ್ಲರಿಗೂ ಮೊದಲು ಬರುತ್ತದೆ.

1858ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಅಡಿ ಮೊದಲ ಟೆಲಿಗ್ರಾಫ್ ಕೇಬಲ್ ಹಾಕಿ ಮುಗಿಸಿದರು. ರಾಣಿ ವಿಕ್ಟೋರಿಯಾ ಅಮೆರಿಕದ ಅಧ್ಯಕ್ಷ ಬ್ಯುಕ್ಯಾನನ್‌ಗೆ ಕಳಿಸಿದ ಸಂದೇಶದಲ್ಲಿ ಇದ್ದದ್ದು 98 ಪದ, ತಲುಪಲು ಹಿಡಿದದ್ದು ಸುಮಾರು 16 ಗಂಟೆ. ವಿದ್ಯುತ್ ನಿಧಾನ ಅಂತಲ್ಲ. ನೀರಿನೊಳಗಿನ ಉದ್ದನೆಯ ಕೇಬಲ್ ಒಂದು ಕೆಪಾಸಿಟರ್ ಹಾಗೆ ವರ್ತಿಸುತ್ತದೆ, ಮೊದಲು ತಾನು ತುಂಬಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಖಾಲಿಯಾಗುತ್ತದೆ. ಚೂಪಾಗಿ ಹೊರಟ ಮಿಡಿತ ಆ ತುದಿಯಲ್ಲಿ ಉದ್ದಕ್ಕೆ ಹರಡಿ ಹೋಗಿರುತ್ತದೆ, ಹಿಂದಿನದರ ಬಾಲ ಮುಂದಿನದರ ಮೇಲೆ ಬೀಳುತ್ತದೆ. ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಕೇಬಲ್ ಎರಡು ಪಟ್ಟು ಉದ್ದವಾದರೆ ಈ ತೊಂದರೆ ನಾಲ್ಕು ಪಟ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿದ್ದರು. ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಅದನ್ನು ಒಪ್ಪಲಿಲ್ಲ. ಸಿಗ್ನಲ್ ದುರ್ಬಲವಾದಾಗ ಸುಮಾರು 2000 ವೋಲ್ಟ್ ಹಾಕಿದರು. ಮೊದಲೇ ಕೆಟ್ಟ ತಯಾರಿಕೆಯಿಂದ ಸೊರಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತುಹೋಯಿತು. ಥಾಮ್ಸನ್ ದಾರಿ ಉಲ್ಟಾ. ಕಡಿಮೆ ವೋಲ್ಟೇಜ್ ಕೊಡಿ, ಆ ತುದಿಯಲ್ಲಿ ಅತಿ ಸೂಕ್ಷ್ಮವಾಗಿ ಕೇಳಿಸಿಕೊಳ್ಳಿ. ಒಂದು ಸಣ್ಣ ಕನ್ನಡಿಗೆ ಆಯಸ್ಕಾಂತ ಅಂಟಿಸಿ ದಾರದಲ್ಲಿ ತೂಗುಹಾಕಿ, ಅದರ ಮೇಲೆ ದೀಪದ ಬೆಳಕು ಬಿಟ್ಟು, ಗೋಡೆಯ ಮೇಲಿನ ಬೆಳಕಿನ ಚುಕ್ಕೆ ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ನೋಡುವ ಸಾಧನ ಮಾಡಿದರು. 1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಹಾಕಿದ ಕೇಬಲ್ ನಿಂತದ್ದು ಒಳ್ಳೆಯ ತಾಮ್ರ, ಒಳ್ಳೆಯ ಹೊದಿಕೆ ಮತ್ತು ಈ ಬಗೆಯ ಕೇಳಿಸಿಕೊಳ್ಳುವಿಕೆಯಿಂದ.

ಈಗಿನ ಫೈಬರ್‌ನಲ್ಲೂ ಮಿಡಿತ ಹರಡುತ್ತದೆ. ಕಾರಣ ಬೇರೆ, ಸ್ವಲ್ಪ ಬೇರೆ ಬೇರೆ ಬಣ್ಣದ ಬೆಳಕು ಗಾಜಿನಲ್ಲಿ ಸ್ವಲ್ಪ ಬೇರೆ ಬೇರೆ ವೇಗದಲ್ಲಿ ಹೋಗುತ್ತದೆ. ಆದರೆ ಮದ್ದು ಇರುವುದು ಮತ್ತೆ ಕೇಳುವ ತುದಿಯಲ್ಲೇ. ರಿಸೀವರ್‌ನ ಚಿಪ್ ಬೆಳಕಿನ ಅಲೆಯನ್ನು ಪೂರ್ತಿ ಅಳೆದು, ಸಾವಿರಾರು ಕಿಲೋಮೀಟರ್‌ನಲ್ಲಿ ಅದು ಎಷ್ಟು ಹರಡಿದೆ ಅಂತ ಲೆಕ್ಕ ಹಾಕಿ ಗಣಿತದಲ್ಲೇ ವಾಪಸ್ ಮಡಚಿಬಿಡುತ್ತದೆ.

---

ಅಡ್ಡಮಾತು:

ಎಲ್ಲಾ ಸರಿ. ಆದರೆ ಉಪಗ್ರಹವನ್ನು ಇಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಖಾಲಿ ಜಾಗದಲ್ಲಿ ಸುಮಾರು 3 ಲಕ್ಷ. ಮೇಲಿಂದ ಹೋದರೆ ಬೇಗ ತಲುಪಬೇಕು ಅಲ್ವಾ? ಷೇರು ವ್ಯಾಪಾರದವರು ಶಿಕಾಗೊ–ನ್ಯೂಯಾರ್ಕ್ ನಡುವೆ ನೇರ ಫೈಬರ್ ಇದ್ದರೂ ಗೋಪುರದಿಂದ ಗೋಪುರಕ್ಕೆ ಮೈಕ್ರೋವೇವ್ ಹಾಕಿಕೊಂಡದ್ದು ಇದಕ್ಕೇ. ಫೈಬರ್‌ನಲ್ಲಿ ಹೋಗಿಬರಲು 13 ಮಿಲಿಸೆಕೆಂಡ್, ಗಾಳಿಯಲ್ಲಿ 9ಕ್ಕಿಂತ ಕಡಿಮೆ.

---

ಸೊನ್ನೆಒಂದು:

ಯಾವ ಉಪಗ್ರಹ ಅನ್ನುವುದರ ಮೇಲೆ ಹೋಗುತ್ತದೆ ಸ್ವಾಮಿ.

ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ಮಾತ್ರ ಅದು ಭೂಮಿಯ ಜೊತೆಗೇ ಸುತ್ತಿ, ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ನಿಂತ ಹಾಗೆ ಕಂಡರೆ ಅನುಕೂಲ, ಡಿಶ್ ಅನ್ನು ಒಮ್ಮೆ ತಿರುಗಿಸಿಟ್ಟರೆ ಮುಗಿಯಿತು. ಆದರೆ ಮೇಲೆ ಹೋಗಿ ಕೆಳಗೆ ಬರುವುದಕ್ಕೇ 72,000 ಕಿಲೋಮೀಟರ್ ಹತ್ತಿರ, ಅಂದರೆ ಸುಮಾರು 240 ಮಿಲಿಸೆಕೆಂಡ್. ನೀವು ಪ್ರಶ್ನೆ ಕೇಳಿ ಉತ್ತರದ ಮೊದಲ ಅಕ್ಷರ ಕೇಳಿಸುವುದಕ್ಕೆ ಅರ್ಧ ಸೆಕೆಂಡ್. ಅದೇ 12,000 ಕಿಲೋಮೀಟರ್ ಉದ್ದದ ಕೇಬಲ್‌ನಲ್ಲಿ ಒಂದು ಕಡೆಗೆ 60 ಮಿಲಿಸೆಕೆಂಡ್ ಸಾಕು. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆ ಸಹಜವಾಗಿರುತ್ತದೆ ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದನ್ನು ದಾಟಿದರೆ ಪ್ರಶ್ನೆ ಕೇಳಿದವರು ಹೇಳಿದ "ಹೇಳಿ ಹೇಳಿ, ಇಲ್ಲ ನೀವು ಹೇಳಿ" ಶುರು. ಆ ತುದಿಯವರು ಸುಮ್ಮನಿದ್ದಾರೆ ಅಂತ ನೀವು ಅಂದುಕೊಳ್ಳುವ ಹೊತ್ತಿಗೆ ಅವರು ಮಾತಾಡಿ ಆಗಿರುತ್ತದೆ, ಅದಿನ್ನೂ ದಾರಿಯಲ್ಲಿರುತ್ತದೆ. 1965ರ ಅರ್ಲಿ ಬರ್ಡ್ ಉಪಗ್ರಹದ ಕಾಲದಿಂದಲೂ ಇದು ಇದ್ದದ್ದೇ.

ಈಚಿನ ಸ್ಟಾರ್‌ಲಿಂಕ್‌ನಂಥ ಇಂಟರ್ನೆಟ್ ಉಪಗ್ರಹಗಳು 550 ಕಿಲೋಮೀಟರ್ ಆಸುಪಾಸಿನಲ್ಲಿವೆ. ಮೇಲೆ ಹೋಗಿ ಬರಲು 4 ಮಿಲಿಸೆಕೆಂಡ್ ಅಷ್ಟೇ. ಉಪಗ್ರಹದಿಂದ ಉಪಗ್ರಹಕ್ಕೆ ಲೇಸರ್‌ನಲ್ಲಿ ದಾಟಿಸಿದರೆ ತುಂಬಾ ದೂರಕ್ಕೆ ಅದು ಕೇಬಲ್‌ಗಿಂತ ಬೇಗ ತಲುಪಿಸಬಹುದು, ಲೆಕ್ಕದಲ್ಲಿ ನಿಮ್ಮ ಮಾತು ನಿಜ. ಆದರೆ ವೇಗ ಒಂದು ವಿಷಯ, ಹೊರೆ ಇನ್ನೊಂದು. ಒಂದು ಕೇಬಲ್ ಹೊರುವ ನೂರಾರು ಟೆರಾಬಿಟ್ ಅನ್ನು ರೇಡಿಯೋದಲ್ಲಿ ಇಳಿಸಲು ಆಕಾಶದಲ್ಲಿ ಅಷ್ಟು ತರಂಗ ಎಲ್ಲಿದೆ? ಗಾಜಿನ ಎಳೆ ಹಾಗಲ್ಲ, ಬೇಕಾದರೆ ಪಕ್ಕದಲ್ಲಿ ಇನ್ನೊಂದು ಎಳೆ ಹಾಕಬಹುದು, ಒಂದರ ಬೆಳಕು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಇನ್ನು ಕೇಬಲ್‌ನಲ್ಲೇ ಹೋದರೂ ಕೆಲವು ಕರೆ ತಡವರಿಸುವುದು ಯಾಕೆ ಅಂದರೆ, ಬಹುಪಾಲು ತಪ್ಪು ಸಮುದ್ರದ್ದಲ್ಲ. ಇಂಟರ್ನೆಟ್‌ನಲ್ಲಿ ಮಾತು ತುಂಡು ತುಂಡು ಪ್ಯಾಕೆಟ್ ಆಗಿ ಹೋಗುತ್ತದೆ. ಒಂದು ಬೇಗ, ಒಂದು ತಡವಾಗಿ ಬರುತ್ತದೆ. ಆ್ಯಪ್ ಅವನ್ನೆಲ್ಲಾ ಸ್ವಲ್ಪ ಹೊತ್ತು ಹಿಡಿದಿಟ್ಟು ಸಾಲಾಗಿ ಜೋಡಿಸಿ ನುಡಿಸುತ್ತದೆ. ಮನೆಯ ವೈಫೈ ಕೆಟ್ಟದಾಗಿದ್ದರೆ ಈ ಹಿಡಿದಿಡುವ ಹೊತ್ತು ಜಾಸ್ತಿಯಾಗುತ್ತದೆ. ಸಾವಿರಾರು ಕಿಲೋಮೀಟರ್ ಗಾಜು 60 ಮಿಲಿಸೆಕೆಂಡ್‌ನಲ್ಲಿ ಮುಗಿಸಿದ ಕೆಲಸಕ್ಕೆ ಕೊನೆಯ ಎರಡು ಗೋಡೆ ಅದರ ಎರಡು ಪಟ್ಟು ಸಮಯ ತಿನ್ನುವುದುಂಟು.

---

ಹ್ಯಾಮ್_ಹುಚ್ಚು:

ಕೇಬಲ್, ಉಪಗ್ರಹ ಎರಡೂ ಇಲ್ಲದೆ ಸಮುದ್ರ ದಾಟುವ ದಾರಿಯೊಂದಿದೆ, ಅದನ್ನು ಎಲ್ಲರೂ ಮರೆತುಬಿಟ್ಟಿದ್ದೀರಿ. ಶಾರ್ಟ್‌ವೇವ್ ರೇಡಿಯೋ.

ರೇಡಿಯೋ ಅಲೆ ಬೆಳಕಿನ ಹಾಗೆ ನೇರ ಹೋಗುವಂಥದ್ದು, ಭೂಮಿ ದುಂಡಗಿದೆ, ಹಾಗಾಗಿ ಸಮುದ್ರ ದಾಟುವ ಮಾತೇ ಇಲ್ಲ ಅಂತ ಬಲ್ಲವರು ಹೇಳುತ್ತಿದ್ದ ಕಾಲದಲ್ಲಿ, 1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡ್‌ನ ಪೋಲ್ಡುವಿನಿಂದ ಹೊರಟ ಮೋರ್ಸ್‌ನ ಮೂರು ಚುಕ್ಕೆಯನ್ನು ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೇಳಿದೆ ಅಂದರು. ಅದು ನಿಜವಾಗಿ ಕೇಳಿಸಿತ್ತೋ ಇಲ್ಲವೋ ಅಂತ ಈಗಲೂ ಜಗಳ ಇದೆ. ಆದರೆ ಮರುವರ್ಷವೇ ಕೆನೆಲಿ ಮತ್ತು ಹೆವಿಸೈಡ್ ಬೇರೆ ಬೇರೆಯಾಗಿ, ಮೇಲೆ ವಿದ್ಯುತ್ ಹರಿಯಬಲ್ಲ ಒಂದು ಪದರ ಇರಬೇಕು, ಅದೇ ಅಲೆಯನ್ನು ಕೆಳಗೆ ಬಾಗಿಸುತ್ತಿರಬೇಕು ಅಂದರು. ಅದು ಇದೆ ಅಂತ ಪ್ರಯೋಗ ಮಾಡಿ ತೋರಿಸಿದವರು ಎಡ್ವರ್ಡ್ ಆ್ಯಪಲ್ಟನ್, 1924ರಲ್ಲಿ. ಸೂರ್ಯನ ಅತಿನೇರಳೆ ಕಿರಣ ಮೇಲಿನ ತೆಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕುವುದರಿಂದ ಆಗುವ ಪದರ ಇದು, ಅಯಾನುಗೋಳ. 3ರಿಂದ 30 ಮೆಗಾಹರ್ಟ್ಸ್ ಅಲೆಗಳು ಅಲ್ಲಿ ಬಾಗಿ ನೆಲಕ್ಕೆ ಬಂದು, ನೆಲದಿಂದ ಮತ್ತೆ ಮೇಲಕ್ಕೆ ಹಾರಿ, ಹೀಗೇ ಹಾರಿ ಹಾರಿ ಭೂಮಿಯ ಆಚೆ ಬದಿಗೂ ಹೋಗುತ್ತವೆ. ತಮಾಷೆ ಏನೆಂದರೆ 200 ಕಿಲೋಮೀಟರ್ ದೂರದವರಿಗೆ ಕೇಳದ ಸಿಗ್ನಲ್ 8000 ಕಿಲೋಮೀಟರ್ ದೂರದವರಿಗೆ ಚೆನ್ನಾಗಿ ಕೇಳುತ್ತದೆ, ಯಾಕೆಂದರೆ ಅಲೆ ಮೊದಲ ಸಲ ನೆಲ ಮುಟ್ಟುವುದೇ ದೂರದಲ್ಲಿ.

ಹಗಲು, ರಾತ್ರಿಯ ಆಟ ಬೇರೆ. ಹಗಲಲ್ಲಿ 60–90 ಕಿಲೋಮೀಟರ್ ಎತ್ತರದಲ್ಲಿ ಡಿ ಅನ್ನುವ ಕೆಳಪದರ ಹುಟ್ಟಿ ಕಡಿಮೆ ಆವರ್ತನದ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದರೆ ಅದು ಮಾಯ, ಆಗ ಅದೇ ಅಲೆಗಳು ಮೇಲಿನ ಪದರಕ್ಕೆ ಹೋಗಿ ಬಾಗುತ್ತವೆ. ಹಾಗಾಗಿ ನಾವು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಹಗಲು 14 ಅಥವಾ 21 ಮೆಗಾಹರ್ಟ್ಸ್, ರಾತ್ರಿ 7ಕ್ಕೋ 3.5ಕ್ಕೋ ಇಳಿಯುತ್ತೇವೆ. ಸೂರ್ಯನ ಕಲೆಗಳು ಜಾಸ್ತಿ ಇರುವ ವರ್ಷಗಳಲ್ಲಿ 28 ಕೂಡ ತೆರೆದುಕೊಳ್ಳುತ್ತದೆ, ಅದು ಹಬ್ಬ.

ಜೋರಾಗಿ ತಳ್ಳುವ ವಿಷಯ ಬಂತಲ್ಲ. 2017ರಲ್ಲಿ ರೇಡಿಯೋದಲ್ಲಿ ಪುಟ್ಟ ಸಂದೇಶ ಕಳಿಸುವ ಎಫ್‌ಟಿ8 ಅನ್ನುವ ಡಿಜಿಟಲ್ ವಿಧಾನ ಬಂತು. ಮಾಡಿದವರಲ್ಲಿ ಒಬ್ಬರು ಜೋ ಟೇಲರ್, ಜೋಡಿ ಪಲ್ಸಾರ್ (ರೇಡಿಯೋ ಮಿಡಿತ ಬೀರುವ ಒಂದು ಬಗೆಯ ನಕ್ಷತ್ರ) ಕಂಡುಹಿಡಿದು 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಒಂದು ಸಲಕ್ಕೆ ಬರೀ 77 ಬಿಟ್ ಕಳಿಸುತ್ತದೆ, ಅದಕ್ಕೆ 15 ಸೆಕೆಂಡ್ ತೆಗೆದುಕೊಳ್ಳುತ್ತದೆ. ಕಿವಿಗೆ ಬರೀ ಸರಸರ ಸದ್ದು ಕೇಳುವಾಗಲೂ ಕಂಪ್ಯೂಟರ್ ಅದರೊಳಗಿಂದ ಸಂದೇಶ ಹೆಕ್ಕುತ್ತದೆ. ಐದು ವ್ಯಾಟ್, ಮರಕ್ಕೆ ಕಟ್ಟಿದ ತಂತಿ, ಸಮುದ್ರದಾಚೆ ಸಂಪರ್ಕ! ಹರಟೆ ಹೊಡೆಯುವುದಕ್ಕೆ ಆಗುವುದಿಲ್ಲ, ಅಷ್ಟೇ.

---

ಸೊನ್ನೆಒಂದು:

ನಿಧಾನಕ್ಕೆ ಹೇಳಿದರೆ ದೂರ ಹೋಗುತ್ತದೆ ಅನ್ನುವುದಕ್ಕೆ ವಾಯೇಜರ್-1 ವ್ಯೋಮನೌಕೆ ಇನ್ನೂ ಒಳ್ಳೆಯ ಉದಾಹರಣೆ. 1977ರಲ್ಲಿ ಹೋದದ್ದು, ಈಗ 2400 ಕೋಟಿ ಕಿಲೋಮೀಟರ್‌ಗಿಂತ ಆಚೆ ಇದೆ. ಟ್ರಾನ್ಸ್‌ಮಿಟರ್ ಬರೀ 20 ವ್ಯಾಟ್ ಚಿಲ್ಲರೆ. 3.7 ಮೀಟರ್ ಡಿಶ್ ಅದನ್ನು ಭೂಮಿಯ ಕಡೆಗೆ ಗುರಿಯಿಡುತ್ತದೆ, ಆದರೂ ಇಲ್ಲಿ 70 ಮೀಟರ್ ಆಂಟೆನಾಗೆ ಸಿಗುವುದು ಎಷ್ಟು ಗೊತ್ತಾ? ಒಂದು ವ್ಯಾಟ್ ಅನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದರೆ ಬರುವುದಕ್ಕಿಂತಲೂ ಕಡಿಮೆ. ರಿಸೀವರ್ ಅನ್ನು ಶೂನ್ಯ ಕೆಲ್ವಿನ್‌ಗೆ ಹತ್ತಿರ ತಣ್ಣಗೆ ಮಾಡಿಟ್ಟಿರುತ್ತಾರೆ, ಇಲ್ಲದಿದ್ದರೆ ಅದರ ಸ್ವಂತ ಬಿಸಿಯ ಗದ್ದಲದಲ್ಲೇ ಇದು ಮುಳುಗಿಹೋಗುತ್ತದೆ. 1979ರಲ್ಲಿ ಗುರು ಗ್ರಹದ ಹತ್ತಿರ ಇದ್ದಾಗ ಸೆಕೆಂಡಿಗೆ 1,15,200 ಬಿಟ್ ಕಳಿಸುತ್ತಿತ್ತು. ಈಗ ಸಾಮಾನ್ಯವಾಗಿ 160. ಪ್ರತಿ ಬಿಟ್‌ಗೆ ಜಾಸ್ತಿ ಸಮಯ ಕೊಟ್ಟರೆ ಆ ಬಿಟ್‌ನ ಶಕ್ತಿ ಜಾಸ್ತಿ ಒಟ್ಟಾಗುತ್ತದೆ, ಗದ್ದಲದ ನಡುವೆ ಗುರುತು ಸಿಗುತ್ತದೆ. ಎಫ್‌ಟಿ8 ಮಾಡುವುದೂ ಇದನ್ನೇ.

ವಿಳಂಬಕ್ಕೆ ಮಾತ್ರ ಯಾವ ಉಪಾಯವೂ ಇಲ್ಲ. ಅಲ್ಲಿಂದ ಸಿಗ್ನಲ್ ಬರಲು 22 ಗಂಟೆಗೂ ಜಾಸ್ತಿ ಬೇಕು. ನಷ್ಟಕ್ಕೆ ಆಂಪ್ಲಿಫೈಯರ್ ಇದೆ, ಗದ್ದಲಕ್ಕೆ ಕೋಡ್ ಇದೆ, ಬೆಳಕನ್ನು ಓಡಿಸುವ ಚಾಟಿ ಯಾರ ಹತ್ತಿರವೂ ಇಲ್ಲ.

---

ಅಡ್ಡಮಾತು:

ಒಪ್ಪಿದೆ. ಆದರೆ ಕೇಬಲ್ ತುಂಡಾದರೆ? ಶಾರ್ಕ್ ಕಚ್ಚುತ್ತದೆ ಅಂತ ವಿಡಿಯೋ ನೋಡಿದ್ದೆ.

---

ಗಾಜಿನೆಳೆ:

ಶಾರ್ಕ್‌ಗೆ ಸುಮ್ನೆ ಕೆಟ್ಟ ಹೆಸರು. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಕೇಬಲ್ ದೋಷ ಆಗುತ್ತವೆ, ಬಹುಪಾಲು ಮೀನುಗಾರಿಕೆ ಮತ್ತು ಹಡಗಿನ ಲಂಗರಿನಿಂದ. ಆಮೇಲೆ ಭೂಕಂಪ, ತಳದ ಕುಸಿತ. 1929ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಭೂಕಂಪ ಆದಾಗ ಕೇಬಲ್‌ಗಳು ಒಂದಾದ ಮೇಲೊಂದು, ಗಂಟೆಗಳ ಅಂತರದಲ್ಲಿ ತುಂಡಾದವು. ಸಮುದ್ರದ ತಳದಲ್ಲಿ ಕೆಸರಿನ ಪ್ರವಾಹ ಇಳಿಜಾರಿನಲ್ಲಿ ಎಷ್ಟು ವೇಗವಾಗಿ ಓಡುತ್ತದೆ ಅಂತ ವಿಜ್ಞಾನಿಗಳು ಮುಂದೆ ಲೆಕ್ಕ ಹಾಕಿದ್ದು ಆ ಕೇಬಲ್‌ಗಳು ಸತ್ತ ಸಮಯ ನೋಡಿಯೇ. 2022ರ ಜನವರಿ 15ರಂದು ಟೊಂಗಾದ ಜ್ವಾಲಾಮುಖಿ ಸಿಡಿದಾಗ ಆ ದೇಶವನ್ನು ಹೊರಗಿನ ಜಗತ್ತಿಗೆ ಜೋಡಿಸಿದ್ದ ಒಂದೇ ಕೇಬಲ್ ಹೋಯಿತು, ಸರಿಯಾಗಲು ಸುಮಾರು ಐದು ವಾರ ಬೇಕಾಯಿತು. ಆಗ ಕೈಹಿಡಿದದ್ದು ಉಪಗ್ರಹ, ಅದನ್ನೂ ಹೇಳಬೇಕು.

ರಿಪೇರಿ ಹಳೇ ಕಾಲದ್ದೇ. ದಡದಿಂದ ಬೆಳಕಿನ ಮಿಡಿತ ಬಿಟ್ಟು, ಒಳಗಿನಿಂದ ಚದುರಿ ವಾಪಸ್ ಬರುವ ಬೆಳಕು ಎಲ್ಲಿಗೆ ನಿಂತಿತು ಅಂತ ಅಳೆದರೆ ತುಂಡಾದ ಜಾಗ ಗೊತ್ತಾಗುತ್ತದೆ. ಹಡಗು ಹೋಗಿ ಕೊಕ್ಕೆ ಇಳಿಬಿಟ್ಟು ಒಂದು ತುದಿ ಎತ್ತಿ, ಇನ್ನೊಂದು ತುದಿ ಎತ್ತಿ, ನಡುವೆ ಹೊಸ ತುಂಡು ಸೇರಿಸಿ ಗಾಜಿಗೆ ಗಾಜು ಕರಗಿಸಿ ಬೆಸೆಯುತ್ತಾರೆ.

---

ಅರೆಬರೆ_ಜ್ಞಾನಿ:

ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು. ಕೊನೆಯದಾಗಿ ಒಂದು: ನನ್ನ ಸಂಪರ್ಕ ಕೇಬಲ್‌ನಲ್ಲಿ ಹೋಗುತ್ತಿದೆಯೋ ಉಪಗ್ರಹದಲ್ಲೋ ಅಂತ ನಾನೇ ನೋಡಿಕೊಳ್ಳಲು ಆಗುತ್ತದಾ?

---

ಸೊನ್ನೆಒಂದು:

ಧಾರಾಳವಾಗಿ. ಕಂಪ್ಯೂಟರ್‌ನಲ್ಲಿ ಟ್ರೇಸ್‌ರೂಟ್ ಅನ್ನುವ ಆದೇಶ ಇದೆ, ದೂರದ ಒಂದು ವಿಶ್ವವಿದ್ಯಾಲಯದ ಸರ್ವರ್ ವಿಳಾಸ ಕೊಟ್ಟು ಓಡಿಸಿ. ದೊಡ್ಡ ಕಂಪನಿಗಳ ತಾಣ ಬೇಡ, ಅವು ನಿಮ್ಮ ಹತ್ತಿರದಲ್ಲೇ ಒಂದು ಸರ್ವರ್ ಇಟ್ಟಿರುತ್ತವೆ, ಸಮುದ್ರ ದಾಟುವುದೇ ಇಲ್ಲ. ದಾರಿಯಲ್ಲಿ ಬರುವ ಒಂದೊಂದು ರೂಟರ್‌ಗೂ ಹೋಗಿಬರಲು ಎಷ್ಟು ಮಿಲಿಸೆಕೆಂಡ್ ಅಂತ ಸಾಲಾಗಿ ತೋರಿಸುತ್ತದೆ. 5, 8, 12 ಅಂತ ಹೋಗುತ್ತಿದ್ದದ್ದು ಒಂದು ಸಾಲಿನಲ್ಲಿ ಇದ್ದಕ್ಕಿದ್ದಂತೆ 130ಕ್ಕೆ ಹಾರಿ ಆಮೇಲಿನವೆಲ್ಲಾ ಅಲ್ಲೇ ಉಳಿದರೆ, ಸಮುದ್ರ ದಾಟಿದ್ದು ಬಹುಶಃ ಅಲ್ಲೇ. ಫೈಬರ್‌ನಲ್ಲಿ ಹೋಗಿಬರುವ ಒಂದು ಮಿಲಿಸೆಕೆಂಡ್ ಅಂದರೆ ಸುಮಾರು 100 ಕಿಲೋಮೀಟರ್ ದಾರಿ, ಆ ಲೆಕ್ಕದಲ್ಲಿ ಕೇಬಲ್ ಎಷ್ಟು ಉದ್ದ ಇರಬಹುದು ಅಂತ ಅಂದಾಜೂ ಸಿಗುತ್ತದೆ. ಭೂಸ್ಥಿರ ಉಪಗ್ರಹ ಆದರೆ 480ಕ್ಕಿಂತ ಕೆಳಗೆ ಬರಲು ಸಾಧ್ಯವೇ ಇಲ್ಲ, ಸಾಮಾನ್ಯವಾಗಿ 600ರ ಸುತ್ತಮುತ್ತ ಇರುತ್ತದೆ. ನಡುವಿನ ಒಂದೇ ಒಂದು ಸಾಲು 300 ತೋರಿಸಿ ಮುಂದಿನದು ಮತ್ತೆ 130ಕ್ಕೆ ಇಳಿದರೆ ತಲೆಕೆಡಿಸಿಕೊಳ್ಳಬೇಡಿ, ಆ ರೂಟರ್ ನಿಮ್ಮ ಪ್ಯಾಕೆಟ್ ಅನ್ನು ಬೇಗ ದಾಟಿಸುತ್ತಿದೆ, ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ಮಾತ್ರ ಪುರುಸೊತ್ತು ಇಲ್ಲ.